ಪೀರಲ ದೇವರ ಮನೆಗೆ ಬಂದ ಜಾತಿ ಗಣತಿ

ನಮ್ಮೂರಲ್ಲಿ ಒಂದು ಮಾತು ಕೇಳಿದರೆ ಮೂರು ಉತ್ತರ ಬರುತ್ತವೆ. ಅದರಲ್ಲಿ ಒಂದು ಪಕ್ಕದ ಮನೆಯವರದು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ ಸಿಗುವ ಊರು. ಇಂಥ ಊರಿಗೆ ಜಾತಿ ಗಣತಿ ಬಂದ ಮೇಲೆ ನಗುವಂಥದ್ದು ಏನೂ ಆಗದಿದ್ದರೇ ಆಶ್ಚರ್ಯ. ಆದದ್ದರಲ್ಲಿ ಅರ್ಧ ನನ್ನಿಂದಲೇ ಆದದ್ದು, ಹಾಗಾಗಿ ನಾನೇ ಬರೆಯುವುದು ನ್ಯಾಯ.

೧. ಆಡು ತಿಂದ ಸ್ಟಿಕರ್

ಗಣತಿಗೆ ಮೊದಲು ಕರೆಂಟ್ ಮೀಟರ್ ನೋಡುವವರು ಬಂದು ಮನೆ ಮನೆಯ ಬಾಗಿಲಿಗೆ ನಂಬರಿನ ಸ್ಟಿಕರ್ ಅಂಟಿಸಿ ಹೋದರು. ಆಮೇಲೆ ಟೀಚರ್ ಬಂದು, ಸ್ಟಿಕರ್ ಇದ್ದ ಮನೆಯಲ್ಲಿ ಜಾತಿ, ಧರ್ಮ, ಭಾಷೆ, ಓದು, ಕಸುಬು ಎಲ್ಲ ಕೇಳಿ ಮೊಬೈಲಿಗೆ ತುಂಬುತ್ತಾರಂತೆ.

ನನಗೆ ಹೆದರಿಕೆ ಆದದ್ದು ‘ಓದು’ ಅಂದಾಗ. ಅಪ್ಪ ಅವ್ವ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಾರೆ. ಮನೆಯಲ್ಲಿ ಇರುವುದು ಅಜ್ಜಿ ಮತ್ತು ನಾನು. ಅಜ್ಜಿಯ ಪ್ರಕಾರ ನಾನು ಕೊಟ್ಟೂರಿನಲ್ಲಿ ಕಾಲೇಜು ಮೊದಲನೇ ವರ್ಷ. ನಿಜವೆಂದರೆ ಹತ್ತನೇ ಕ್ಲಾಸು ಇನ್ನೂ ನನ್ನನ್ನು ದಾಟಲು ಬಿಟ್ಟಿಲ್ಲ. ದಿನಾ ಬ್ಯಾಗು ಏರಿಸಿಕೊಂಡು ಬಸ್ಸು ಹತ್ತುತ್ತೇನೆ, ಇಳಿದವನು ಸೀದಾ ಪಂಕ್ಚರ್ ಅಂಗಡಿಯ ಕೆಲಸಕ್ಕೆ ಹೋಗುತ್ತೇನೆ. “ಕೈ ಯಾಕ ಇಷ್ಟು ಕರ್ರಗಾಗ್ಯಾವಲೇ?” ಅಂತ ಅಜ್ಜಿ ಕೇಳಿದರೆ “ಸೈನ್ಸ್ ಪ್ರಯೋಗ ಅಜ್ಜಿ” ಅನ್ನುತ್ತೇನೆ. ಗಣತಿಯವರು ಬಂದು ಯಾವ ಕಾಲೇಜು, ಗುರುತಿನ ಚೀಟಿ ತೋರಿಸು ಅಂದರೆ ನನ್ನ ಪ್ರಯೋಗ ಅಲ್ಲಿಗೆ ಮುಗಿಯಿತು.

ಅಜ್ಜಿ ಮಧ್ಯಾಹ್ನ ಮಲಗಿದಾಗ ಬಿಸಿನೀರು ಸವರಿ ಸ್ಟಿಕರನ್ನು ಹರಿಯದಂತೆ ಬಿಡಿಸಿದೆ. ಅದನ್ನು ಒಲೆಗೆ ಹಾಕಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟು ಚೆಂದದ ನಂಬರನ್ನು ಸುಡಲು ಮನಸ್ಸಾಗಲಿಲ್ಲ. ತಗೊಂಡು ಹೋಗಿ ಪೀರಲ ದೇವರ ಗುಡಿಯ ಗೋಡೆಗೆ ಅಂಟಿಸಿದೆ. ಮೊಹರಂ ಹಬ್ಬದಲ್ಲಿ ಹೊರಗೆ ಬರುವ ದೇವರು. ನಮ್ಮೂರಲ್ಲಿ ಸಾಬರ ಮನೆ ಒಂದೂ ಇಲ್ಲ, ಹಬ್ಬ ಮಾತ್ರ ಊರೆಲ್ಲ ಕೂಡಿ ಮಾಡುತ್ತೇವೆ. ಗಾಳಿಗೆ ಹಾರದಿರಲಿ ಅಂತ ಸ್ಟಿಕರಿನ ಹಿಂದೆ ಪಂಕ್ಚರ್ ಸೊಲ್ಯೂಷನ್ ಬಳಿದಿದ್ದೆ.

ಸಂಜೆ ಅಜ್ಜಿ ಬಾಗಿಲು ನೋಡಿ, “ಸ್ಟಿಕರ್ ಎಲ್ಲಿಲೇ?” ಅಂದಳು.

“ಆಡು ತಿಂದಿರಬೇಕು.”

ಅಜ್ಜಿ ನನ್ನ ಮುಖ ನೋಡಿದಳು, ಆಮೇಲೆ ಆಡಿನ ಮುಖ ನೋಡಿದಳು. ಇಬ್ಬರಲ್ಲಿ ಆಡೇ ಹೆಚ್ಚು ಓದಿದಂತೆ ಕಂಡಿರಬೇಕು. ಸೀದಾ ಒಳಗೆ ಹೋದಳು.

೨. ಹುಸೇನಪ್ಪನ ಧರ್ಮ

ದಸರಾ ರಜೆಯಲ್ಲಿ ಗಣತಿಗೆ ಬಂದವರು ಮಂಡ್ಯ ಕಡೆಯ ಅಕ್ಕೋರು. ಹೊಸದಾಗಿ ಕೊಟ್ಟೂರಿಗೆ ಬಂದ ಟೀಚರ್. ಅವರ ಸಣ್ಣ ಮಗಳು ಅಲ್ಲೇ ಊರಲ್ಲಿ, ಅಕ್ಕೋರ ತಾಯಿಯ ಹತ್ತಿರ ಇದ್ದಾಳೆ. “ಶುಕ್ರವಾರ ನಿಮ್ಮೂರು ಮುಗಿದ್ರೆ ಕೊಟ್ಟೂರಿಂದ ಐದೂವರೆ ಬಸ್ಸಿಗೆ ಹೊರಡ್ತೀನಿ ಕಣೋ. ಒಂದು ಮನೆ ಉಳಿದ್ರೂ ಮೇಲಿನೋರು ನನ್ನ ಬಿಡಲ್ಲ. ಈ ರಜದಲ್ಲೂ ಮಗಳ ಮುಖ ನೋಡಿದಂಗೇ” ಅಂದರು.

ದಾರಿ ತೋರಿಸಲು ನಾನೇ ಮುಂದೆ ಬಂದೆ. ಯಾವ ಓಣಿ ತೋರಿಸಬಾರದು ಅನ್ನುವುದೂ ದಾರಿ ತೋರಿಸುವವನ ಕೈಯಲ್ಲೇ ಇರುತ್ತದಲ್ಲ.

ಅವರ ಸ್ಕೂಟರಿನ ಹಿಂದಿನ ಗಾಲಿ ದಿನಾ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತಿತ್ತು. ಜಾಲಿ ಮುಳ್ಳು ಅಂತ ನೋಡಿದ ಕೂಡಲೇ ಗೊತ್ತಾಯಿತು. ಹೇಳಿದರೆ ‘ನಿನಗೆ ಹೇಗೆ ಗೊತ್ತು’ ಅನ್ನುತ್ತಾರೆ. ಕಾಲೇಜು ಹುಡುಗನಂತೆ ಬಾಯಿ ಮುಚ್ಚಿಕೊಂಡು ಪಂಪು ಹೊಡೆದುಕೊಟ್ಟೆ.

ಕುರುಬರ ಓಣಿಯ ಮೊದಲ ಮನೆ. ಹಿರಿಯ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕೂತಿದ್ದ. ಅಕ್ಕೋರು ಹೆಸರು ಕೇಳಿದರು.

“ಹುಸೇನಪ್ಪ.”

“ಮಕ್ಕಳು?”

“ದೊಡ್ಡಾವ ಇಮಾಮಪ್ಪ, ಸಣ್ಣಾವ ಫಕೀರಪ್ಪ.”

ಅಕ್ಕೋರು ಇನ್ನೇನೂ ಕೇಳದೆ ಧರ್ಮದ ಕಾಲಂ ತುಂಬಿ, ಜಾತಿಯ ಪಟ್ಟಿಯಲ್ಲಿ ಹುಡುಕತೊಡಗಿದರು.

“ಏನು ಹುಡುಕ್ತೀರಿ ಅಕ್ಕೋರ? ನಾವು ಹಿಂದೂ ಕುರುಬರು.”

“ಮತ್ತೆ ಹುಸೇನಪ್ಪ?”

“ನಮ್ಮವ್ವಗ ಮಕ್ಕಳು ನಿಲ್ತಿರಲಿಲ್ಲ. ಪೀರಲ ದೇವರಿಗೆ ಬೇಡಿಕೊಂಡ್ಲು. ನಾನು ನಿಂತೆ.”

ಅಕ್ಕೋರು ತುಂಬಿದ್ದನ್ನೆಲ್ಲ ಅಳಿಸಿ ಮತ್ತೆ ತುಂಬಿದರು. ಮುಂದಿನ ಮನೆಯವ ಹಣೆ ತುಂಬ ವಿಭೂತಿ ಬಳಿದುಕೊಂಡು ಬಾಗಿಲಲ್ಲೇ ನಿಂತಿದ್ದ, ಹೆಸರು ಹನುಮಂತಪ್ಪ. ಅಕ್ಕೋರು ಮೆಲ್ಲಗೆ, “ನೀವು ಯಾವ ಧರ್ಮ?” ಅಂದರು.

“ನನ್ನ ನೋಡಿದ ಮ್ಯಾಲೂ ಕೇಳ್ತೀರೇನ್ರಿ?”

“ತಪ್ಪು ತಿಳೀಬೇಡಿ. ನಿಮ್ಮೂರಲ್ಲಿ ನನಗೀಗ ನನ್ನ ಮೇಲೇ ನಂಬಿಕೆ ಇಲ್ಲ.”

೩. ಐದು ವರ್ಷದ ಮೌನ

ಊರ ಹೊರಗಿನ ತಾಂಡಾದಲ್ಲಿ ಒಬ್ಬ ಲಂಬಾಣಿ ಅಜ್ಜಿ ಆಡಿಗೆ ಸೊಪ್ಪು ಕಟ್ಟುತ್ತಿದ್ದಳು.

“ಮನೇಲಿ ಯಾವ ಭಾಷೆ ಮಾತಾಡ್ತೀರಿ ಅಜ್ಜಿ?”

“ಯಾರ ಜೊತಿ?”

ಅಕ್ಕೋರು ಇದಕ್ಕೆ ತಯಾರಾಗಿರಲಿಲ್ಲ. “ಎಲ್ಲರ ಜೊತೆ.”

“ಮಕ್ಕಳ ಜೊತಿ ಲಂಬಾಣಿ. ಮೊಮ್ಮಕ್ಕಳ ಜೊತಿ ಕನ್ನಡ, ಅವು ಸಾಲಿಗೆ ಹೋಗ್ತಾವ. ಆಡಿನ ಜೊತಿ ತೆಲುಗು.”

“ಆಡಿನ ಜೊತೆ ತೆಲುಗಾ?”

“ರಾಯದುರ್ಗದ ಸಂತಿಯಾಗ ತಂದಿದ್ದು. ಕನ್ನಡದಾಗ ಕರದ್ರ ತಿರುಗಿನೂ ನೋಡಂಗಿಲ್ಲ.”

“ಗಂಡನ ಜೊತೆ?”

“ಅವನ ಜೊತಿ ಮಾತು ಬಿಟ್ಟು ನಾಕು ವರ್ಷ ಆತು. ಅದಕ್ಕೊಂದು ಕಾಲಂ ಐತೇನ್ರಿ?”

ಒಳಗಿನಿಂದ ಮುದುಕನ ದನಿ ಬಂತು: “ನಾಕಲ್ಲ, ಐದು.”

ಅಜ್ಜಿ ಸೊಪ್ಪು ಕೆಳಗಿಟ್ಟಳು. “ನೋಡ್ರಿ ಅಕ್ಕೋರ, ಚಲೋ ಇದ್ದ ಮನಿಯಾಗ ಮಾತು ಶುರು ಮಾಡಿಸಿಬಿಟ್ರಿ.”

೪. ಒಂದು ಮನೆ ಬಾಕಿ

ಶುಕ್ರವಾರ ಮಧ್ಯಾಹ್ನ ಎಲ್ಲ ಮುಗಿಯಿತು ಅಂತ ಅಕ್ಕೋರು ನಿಟ್ಟುಸಿರು ಬಿಟ್ಟರೆ ಮೊಬೈಲು ಬಿಡಲಿಲ್ಲ. ಒಂದು ಮನೆ ಬಾಕಿ ಅಂತ ತೋರಿಸಿತು. ಹುಡುಕಿದ್ದೇ ಹುಡುಕಿದ್ದು. ನಾನು ಎಲ್ಲರಿಗಿಂತ ಜೋರಾಗಿ ಹುಡುಕಿದೆ, ಸ್ಟಿಕರ್ ಇಲ್ಲದ ಕಡೆಯಲ್ಲೇ. ಕಡೆಗೆ ಪೀರಲ ದೇವರ ಪೂಜಾರಿ ತಾತ ಬಂದು, “ಅಕ್ಕೋರ, ನಮ್ಮ ದೇವರ ಗ್ವಾಡಿಗೆ ಒಂದು ಐತಿ ನೋಡ್ರಿ” ಅಂದ.

ಊರೇ ಗುಡಿಯ ಮುಂದೆ ಸೇರಿತು. ಅಕ್ಕೋರು ಗಡಿಯಾರ ನೋಡಿಕೊಂಡರು. “ಖಾಲಿ ಮನೆ ಅಂತ ಹಾಕಿಬಿಡ್ತೀನಿ.”

ತಾತನಿಗೆ ಬೇಸರವಾಯಿತು. “ಖಾಲಿ ಅಂತ ಹಾಕಬ್ಯಾಡ್ರಿ. ದೇವರು ಒಳಗ ಅದಾನ.”

“ಹಾಗಾದ್ರೆ ಮನೆ ಯಜಮಾನ ಯಾರು?”

“ಅವನ ಯಜಮಾನ.”

“ವಯಸ್ಸು?”

“ನಮ್ಮ ತಾತನ ತಾತಗಿಂತ ದೊಡ್ಡಾವ.”

“ರೇಷನ್ ಕಾರ್ಡು?”

“ಇಲ್ಲ್ರಿ. ಹರಕಿ ಸಕ್ಕರಿ ನಾವ ತಂದು ಕೊಡ್ತೀವಿ.”

ಅಕ್ಕೋರಿಗೆ ಅಳು ಬರುವ ಹಾಗಿತ್ತು. “ಧರ್ಮ, ಜಾತಿ?”

ಮೂರು ಉತ್ತರ ಕೊಡುವ ಊರು ಅವತ್ತೇ ಮೊದಲ ಸಲ ಸುಮ್ಮನಾಯಿತು. ತಾತ ಕೆಮ್ಮಿ ಹೇಳಿದ: “ಊದಿನಕಡ್ಡಿ ಹಚ್ಚಾವ ನಾನು, ನಾಯಕರಾವ. ದೇವರನ್ನ ಹೊರಾವ ಹುಸೇನಪ್ಪ, ಕುರುಬರಾವ. ಸಕ್ಕರಿ ತಾಂಡಾದಿಂದನೂ ಬರ್ತೈತಿ. ಅವನ್ನ ಇದು ಯಾರೂ ಕೇಳಿಲ್ಲ. ಈಗ ಕೇಳಿದ್ರ ಬರೋ ಹಬ್ಬದಾಗ ಮೈಮ್ಯಾಲೆ ಬಂದು ನನಗ ಬೈತಾನ, ನಿಮಗಲ್ಲ.”

ಅಷ್ಟರಲ್ಲಿ ನಮ್ಮಜ್ಜಿ ಕರೆಂಟ್ ಬಿಲ್ಲು ಹಿಡಿದುಕೊಂಡು ಬಂದಳು. “ಎಲ್ಲಾರ ಮನಿಗೂ ಹೋದ್ರಿ. ನಾವು ಮಂದಿ ಅಲ್ಲೇನ್ರಿ ಅಕ್ಕೋರ?”

ಅಕ್ಕೋರು ಬಿಲ್ಲಿನ ನಂಬರನ್ನು ಮೊಬೈಲಿಗೆ ಹಾಕಿ ನೋಡಿದರು. ಬಾಕಿ ಇದ್ದ ಮನೆ ಅದೇ. ಸ್ಟಿಕರ್ ಕೀಳಲು ಉಗುರು ಹಾಕಿದರು, ಗೋಡೆಯ ಗಾರೆಯೇ ಕಿತ್ತು ಬಂತು, ಸ್ಟಿಕರ್ ಬರಲಿಲ್ಲ. ಬೆರಳು ಮೂಸಿ ನೋಡಿದರು. “ಇದೇನಿದು, ಪಂಕ್ಚರ್ ಅಂಗಡಿ ವಾಸನೆ?”

ಅಜ್ಜಿ ನನ್ನ ಕಡೆ ನೋಡದೆಯೇ ಕೇಳಿದಳು: “ಆಡಿಗೆ ಸೊಲ್ಯೂಷನ್ ಎಲ್ಲಿ ಸಿಕ್ತಲೇ?”

೫. ಮೊದಲನೇ ವರ್ಷ

ನಮ್ಮ ಮನೆಯ ಕಟ್ಟೆಯ ಮೇಲೆ ಅಕ್ಕೋರು ಕೂತರು, ಗುಡಿಯ ಮುಂದಿದ್ದವರೆಲ್ಲ ಸುತ್ತ ನಿಂತರು. ಜಾತಿ, ಧರ್ಮ, ಭಾಷೆ ಎಲ್ಲ ಅಜ್ಜಿ ಪಟಪಟ ಹೇಳಿದಳು. ಇಡೀ ಊರಲ್ಲಿ ಒಂದಕ್ಕೆ ಒಂದೇ ಉತ್ತರ ಕೊಟ್ಟವಳು ಅವಳೊಬ್ಬಳೇ. ನಾನು ಕಂಬದ ಹಿಂದೆ ನಿಂತಿದ್ದೆ.

“ಮೊಮ್ಮಗ ಏನು ಓದ್ತಿದಾನೆ?”

“ಮೊದಲನೇ ವರ್ಷ,” ಅಂದಳು ಅಜ್ಜಿ. ನನಗೆ ಹೋದ ಜೀವ ಬಂತು.

“ಯಾವ ವಿಷಯ?”

“ಪಂಕ್ಚರ್.”

ನಾನು ಕಂಬ ಗಟ್ಟಿಯಾಗಿ ಹಿಡಿದುಕೊಂಡೆ. ಅಜ್ಜಿ ತಣ್ಣಗೆ ಹೇಳುತ್ತಲೇ ಇದ್ದಳು: “ಕಾಲೇಜಿಗೆ ಹೋದ ಮೊದಲನೇ ದಿನಾನ ಹುಸೇನಪ್ಪನ ಗಾಡಿಗೆ ತ್ಯಾಪಿ ಹಾಕ್ಯಾನ. ಇವನು ಯಾರಿಗೂ ಹೇಳಬ್ಯಾಡ ಅಂದಿದ್ನಂತ, ಅವ ಅವತ್ತ ಬಂದು ಹೇಳಿದ. ಇವನು ತಾನಾಗಿ ಯಾವಾಗ ಹೇಳ್ತಾನ ಅಂತ ನಾನು ಕಾಯ್ಕೊಂತ ಕುಂತೀನಿ.”

ಅಕ್ಕೋರು ನಗು ತಡೆದುಕೊಂಡು ‘ಹತ್ತನೇ ತರಗತಿ, ಅನುತ್ತೀರ್ಣ’ ಅಂತ ತುಂಬಿದರು. ಬಾಕಿ ಸೊನ್ನೆಯಾಯಿತು. ಬ್ಯಾಗು ಎತ್ತಿಕೊಂಡು ಸ್ಕೂಟರಿನ ಹತ್ತಿರ ಓಡಿದರು, ಅಲ್ಲೇ ನಿಂತುಬಿಟ್ಟರು. ಹಿಂದಿನ ಗಾಲಿ ಪೂರ್ತಿ ನೆಲಕ್ಕೆ ಕೂತಿತ್ತು. ಬಸ್ಸಿಗೆ ಇದ್ದದ್ದು ಒಂದೇ ತಾಸು. ಅಕ್ಕೋರು ಮೊಬೈಲಿನ ಮೇಲಿದ್ದ ಮಗಳ ಫೋಟೊ ನೋಡುತ್ತ ನಿಂತರು.

ಇನ್ನು ಮುಚ್ಚಿಡಲು ನನ್ನ ಹತ್ತಿರ ಏನು ಉಳಿದಿತ್ತು? ಕಾಲೇಜು ಬ್ಯಾಗು ತಂದು ಎಲ್ಲರೆದುರು ಸುರುವಿದೆ. ಪುಸ್ತಕ ಒಂದೂ ಬೀಳಲಿಲ್ಲ. ಟೈರ್ ಬಿಚ್ಚುವ ಕಬ್ಬಿಣ, ಉಜ್ಜುವ ಕಾಗದ, ತೇಪೆ, ಸ್ಟಿಕರಿಗೆ ಬಳಿದು ಉಳಿದಿದ್ದ ಸೊಲ್ಯೂಷನ್ ಬಿದ್ದವು. ಟ್ಯೂಬು ಎಳೆದು, ನೀರಲ್ಲಿ ಅದ್ದಿ, ಮುಳ್ಳು ತೆಗೆದು, ಸೊಲ್ಯೂಷನ್ನಿನ ಕೊಳವೆಯನ್ನು ತಿರುಚಿ ತಿರುಚಿ ಕಡೆಯ ಹನಿ ಹಿಂಡಿ ತೇಪೆ ಒತ್ತಿದೆ. ಹುಸೇನಪ್ಪ ಪಂಪು ಹೊಡೆದ, ಪೂಜಾರಿ ತಾತ ಗಾಡಿ ಹಿಡಿದುಕೊಂಡ. ಗಾಲಿಯಲ್ಲಿ ಗಾಳಿ ನಿಂತಿತು.

ಅಕ್ಕೋರು ಗಾಡಿ ಚಾಲು ಮಾಡಿದರು. ಅಜ್ಜಿ ಅವರನ್ನು ತಡೆದು, ಬಗ್ಗಿ, ಹೆಬ್ಬೆರಳಿನಿಂದ ಗಾಲಿಯನ್ನು ಎರಡು ಸಲ ಒತ್ತಿ ನೋಡಿದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡಳು.

“ಮೊಬೈಲು ತಗೀರಿ ಅಕ್ಕೋರ, ತಪ್ಪು ಬರದೀರಿ. ಮೊದಲನೇ ವರ್ಷ ಪಾಸಾಗ್ಯಾನ.”