ಒಂದೇ ಪಾತ್ರೆ ನಾಲ್ಕು ಮನೆಗಳ ಒಲೆಯ ಮೇಲೆ ಕಂಡುಬಂದಿರುವ ಬಗ್ಗೆ

ಕೈಗೆಟುಕುವ ವಸತಿ ವಿಭಾಗದ ಕಛೇರಿ
(ಎರಡನೇ ಮಹಡಿ. ಮೆಟ್ಟಿಲು ದುರಸ್ತಿಯಲ್ಲಿರುವುದರಿಂದ ಹಿಂಬದಿಯ ಕಿಟಕಿಯ ಕೆಳಗೆ ನಿಂತು ಕೂಗಿ ವಿಚಾರಿಸತಕ್ಕದ್ದು)

ಸಂಖ್ಯೆ: ಕೈವವಿ/ಒಲೆ/41/ಪಾತ್ರೆ-1

ವಿಷಯ: ವಸತಿ ಸಮುಚ್ಚಯದಲ್ಲಿ ಬೆಳಗಿನ ಒಲೆ ತಪಾಸಣೆ; ಒಂದೇ ಪಾತ್ರೆಯು ಒಂದೇ ಮುಂಜಾನೆ ನಾಲ್ಕು ಮಹಡಿಗಳಲ್ಲಿ ವಾಸವಿರುವುದು ಪತ್ತೆಯಾದ ಕುರಿತು.

ಉಲ್ಲೇಖ:
1) ಈ ಕಛೇರಿಯ ಹಿಂದಿನ ಸುತ್ತೋಲೆ: ‘ಬಿಸಿ ಎಂದರೇನು’.
2) ಪರಿವೀಕ್ಷಕರ ವರದಿ ಹಾಗೂ ಅವರ ಬಲ ಅಂಗೈ.
3) ಅಜ್ಜಿಯವರ ಮೌಖಿಕ ಹೇಳಿಕೆ (ಸಂಕ್ಷಿಪ್ತ, ಪೂರ್ತಿ ಬರೆದುಕೊಳ್ಳುವಷ್ಟು ಕಾಗದ ದಾಸ್ತಾನಿನಲ್ಲಿರಲಿಲ್ಲ).

ಪ್ರಸ್ತಾವನೆ:

ದುಬಾರಿ ಬಾಡಿಗೆ ಕೊಡಲಾರದವರಿಗೆ ಸೂರು ಒದಗಿಸಲು ಈ ವಿಭಾಗವು ಸಮುಚ್ಚಯವೊಂದನ್ನು ಕಟ್ಟಿಸಿ, ನೆಲಮಹಡಿಯನ್ನು ಹಿರಿಯ ನಾಗರಿಕರಿಗೆ, ಒಂದನೆಯದನ್ನು ಕುಟುಂಬಗಳಿಗೆ, ಎರಡನೆಯದನ್ನು ಯುವಜನರಿಗೆ, ಮೂರನೆಯದನ್ನು ಮೂಲನಿವಾಸಿಗಳಿಗೆ ಮೀಸಲಿಟ್ಟಿದೆ. ಒಂದೇ ಮನೆಯವರು ನಾಲ್ಕೂ ವರ್ಗಗಳಿಗೆ ಸೇರಿರಬಹುದೆಂಬ ಸಂಗತಿಯನ್ನು ಯೋಜನೆ ರೂಪಿಸಿದ ಹದಿನೇಳು ಸಭೆಗಳಲ್ಲಿ ಯಾವ ಪುಣ್ಯಾತ್ಮರೂ ಪ್ರಸ್ತಾಪಿಸಿರುವುದಿಲ್ಲ.

1. ಬುಟ್ಟಿ ಹೆಣೆಯುವ ಅಜ್ಜಿ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವರ ಮಗಳು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಳಿಯ ಹಾಗೂ ವೈರಿಂಗ್ ಕೆಲಸ ಕಲಿಯುತ್ತಿರುವ ಹತ್ತೊಂಬತ್ತರ ಮೊಮ್ಮಗಳು ಸೇರಿ ಒಂದು ಅರ್ಜಿಯಲ್ಲಿ ಒಂದು ಮನೆ ಕೇಳಿರುತ್ತಾರೆ. ಒಂದು ಕೊಡಲು ನಿಯಮದಲ್ಲಿ ಅವಕಾಶವಿಲ್ಲದ ಕಾರಣ ನಾಲ್ಕು ಕೊಡಲಾಯಿತು. ಅಜ್ಜಿಗೆ ನೆಲಮಹಡಿಯಲ್ಲಿ, ಮಗಳು-ಅಳಿಯನಿಗೆ ಒಂದನೆಯದರಲ್ಲಿ, ಮೊಮ್ಮಗಳಿಗೆ ಎರಡನೆಯದರಲ್ಲಿ. ಮೂರನೇ ಮಹಡಿಯದು ಮೂಲನಿವಾಸಿಗಳೆಂಬ ನೆಲೆಯಲ್ಲಿ ನಾಲ್ವರಿಗೂ ಸೇರಿದ್ದು. ಆದರೆ ಕೆಳಗಿನ ಮೂರು ಮನೆ ಬಿಟ್ಟು ಅಲ್ಲಿಗೆ ಹೋಗಿ ಯಾರೂ ವಾಸಿಸತಕ್ಕದ್ದಲ್ಲ.

2. ಮೂಲನಿವಾಸಿಗಳೆಂದು ರುಜುವಾತುಪಡಿಸಲು, ಈ ವಿಭಾಗ ಹುಟ್ಟುವುದಕ್ಕೂ ಮೊದಲು ಈ ವಿಭಾಗವೇ ನೀಡಿದ ಪತ್ರವನ್ನು ಹಾಜರುಪಡಿಸಲು ಸೂಚಿಸಲಾಗಿತ್ತು. ಅಜ್ಜಿಯವರು ಪತ್ರ ತರದೆ, “ಅಗೋ, ಲಿಫ್ಟಿಗೆ ಅಂತ ಗುಂಡಿ ತೋಡಿದ್ರಲ್ಲ, ಅಲ್ಲೇ ನಮ್ಮ ಗುಡಿಸಲು ಇದ್ದದ್ದು” ಎಂದು ಕೈ ತೋರಿಸಿದ್ದರಿಂದ ಲಿಫ್ಟನ್ನೇ ಅವರ ಹಿಂದಿನ ವಿಳಾಸವೆಂದು ನಮೂದಿಸಲಾಗಿದೆ. ಅಂದಿನಿಂದ ಅವರಿಗೆ ಬರುವ ಟಪಾಲು ಲಿಫ್ಟಿನಲ್ಲೇ ಮೇಲೆ ಕೆಳಗೆ ಓಡಾಡಿಕೊಂಡಿದೆ.

3. ಮನೆ ಪಡೆದವರು ಅಲ್ಲಿ ನಿಜಕ್ಕೂ ವಾಸವಿದ್ದಾರೆಯೇ ಎಂದು ತಿಳಿಯಲು ಪರಿವೀಕ್ಷಕರು ಬೆಳಿಗ್ಗೆ ಏಳೂವರೆಗೆ ಪ್ರತಿ ಮನೆಯ ಒಲೆಯನ್ನು, ಒಲೆಯ ಮೇಲೆ ಪಾತ್ರೆ ಇದ್ದಲ್ಲಿ ಪಾತ್ರೆಯನ್ನು, ಬಲ ಅಂಗೈಯಿಂದ ಮುಟ್ಟಿ ನೋಡತಕ್ಕದ್ದು. ಬಿಸಿ ಇದ್ದರೆ ವಾಸ. ತಣ್ಣಗಿದ್ದರೆ ಖಾಲಿ. ಉಗುರುಬೆಚ್ಚಗಿದ್ದರೆ ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟಿರುವ ಗುಮಾನಿ. ಥರ್ಮಾಮೀಟರ್ ಖರೀದಿಯ ಕಡತ ಹಿಂದಿರುಗುವವರೆಗೆ ಅಂಗೈಯೇ ಅಧಿಕೃತ ಉಪಕರಣ. ಅದನ್ನು ಪರಿವೀಕ್ಷಕರು ರಜೆಯ ಮೇಲೆ ಊರಿಗೆ ಒಯ್ಯುವಂತಿಲ್ಲ.

4. ಸತತ ಮೂರು ದಿನ ಮೂರು ಒಲೆಗಳು ತಣ್ಣಗಿದ್ದು, ನಾಲ್ಕು ಜನವೂ ಅಜ್ಜಿಯ ಅಡುಗೆಮನೆಯಲ್ಲಿ ಒಬ್ಬರ ಮೊಣಕಾಲು ಒಬ್ಬರಿಗೆ ತಾಗುವಂತೆ ಕೂತು ಉಣ್ಣುತ್ತಿದ್ದುದು ಪತ್ತೆಯಾಯಿತು. ಒಲೆ ಹಚ್ಚದಿದ್ದರೆ ನಾಲ್ಕು ಮನೆಗಳನ್ನೂ ರದ್ದುಪಡಿಸುವುದಾಗಿ ನೋಟಿಸು ನೀಡಲಾಯಿತು, ಏಕೆಂದರೆ ಅರ್ಜಿ ಒಂದೇ. ಮೇಲಿನ ಮೂರು ಮನೆಗಳಿಗೆ ಗ್ಯಾಸ್ ಸಂಪರ್ಕ ಬಂದಿಲ್ಲವೆಂದು ಅಳಿಯನವರು ಆಕ್ಷೇಪಿಸಿದರು. ಹಿರಿಯ ನಾಗರಿಕರನ್ನು ಬಿಟ್ಟರೆ, ಒಲೆ ಬಿಸಿಯಾಗಿದ್ದು ವಾಸ ಸಾಬೀತಾದವರಿಗೆ ಮಾತ್ರ ಗ್ಯಾಸ್ ಸಂಪರ್ಕ ಎಂದು ಅವರಿಗೆ ತಿಳಿಹೇಳಲಾಗಿದೆ. ಗುಡಿಸಲು ಹೋದ ಮೇಲೆ ಅವರಿದ್ದ ತಗಡಿನ ಶೆಡ್ಡನ್ನು ಕೆಡವಿ ಆಗಿರುವುದರಿಂದ, ಮನೆ ರದ್ದಾದರೆ ನಾಲ್ವರೂ ಬೀದಿಗೆ ಬೀಳುತ್ತಾರೆಂಬುದು ಕಛೇರಿಗೆ ಗೊತ್ತಿದೆ. ನಮೂನೆಯಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ.

5. ಮಾರನೆಯ ಬೆಳಿಗ್ಗೆ ಪರಿವೀಕ್ಷಕರು ನೆಲಮಹಡಿಯಲ್ಲಿ ಗೆಣಸು ಬೇಯುತ್ತಿದ್ದ, ಹಿಡಿಯ ಪಕ್ಕದಲ್ಲಿ ತಗ್ಗು ಬಿದ್ದ ಪಾತ್ರೆಯೊಂದನ್ನು ಮುಟ್ಟಿ ‘ಬಿಸಿ’ ಎಂದು ಬರೆದುಕೊಂಡರು. ಲಿಫ್ಟು ಫಲಾನುಭವಿಗಳಿಗೆ ಮಾತ್ರವಾದ್ದರಿಂದ ಮೆಟ್ಟಿಲು ಹತ್ತಿ ಒಂದನೇ ಮಹಡಿಗೆ ಬಂದರೆ ಅಲ್ಲಿಯೂ ಗೆಣಸಿನ ಪಾತ್ರೆ. ಬಿಸಿ. ಎರಡನೆಯದರಲ್ಲಿಯೂ ಗೆಣಸು, ಹಿಡಿಯ ಪಕ್ಕದಲ್ಲಿ ಅದೇ ತಗ್ಗು. ಪರಿವೀಕ್ಷಕರಿಗೆ ತಲೆ ಚಿಟ್ಟು ಹಿಡಿದು, ಸಂಶಯ ನಿವಾರಣೆಗೆಂದು ಮೂರನೇ ಮಹಡಿಗೆ ಓಡಿ, ಏದುಸಿರು ಬಿಡುತ್ತ ಅಂಗೈಯನ್ನು ಪಾತ್ರೆಗೆ ಪೂರ್ತಿ ಒತ್ತಿದ್ದರಿಂದ ಬೊಬ್ಬೆ ಎದ್ದಿದೆ. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಲಿಫ್ಟಿನಲ್ಲಿ ಒಯ್ಯುತ್ತಿದ್ದ ಮೊಮ್ಮಗಳು ಬಾಗಿಲ ಹಿಂದೆ ಪತ್ತೆಯಾಗಿರುತ್ತಾಳೆ. ಅಂಗೈಗೆ ತಣ್ಣೀರು ಸುರಿದವಳೂ ಅವಳೇ.

6. ಕಣ್ಣೆದುರಿನ ವಂಚನೆಯನ್ನು ಅಂದೇ ವರದಿ ಮಾಡದೆ ಎರಡು ದಿನ ಸುಮ್ಮನಿದ್ದುದೇಕೆಂದು ಪರಿವೀಕ್ಷಕರಿಂದ ವಿವರಣೆ ಕೇಳಲಾಯಿತು. ಅವರ ಉತ್ತರ ಇಂತಿದೆ: “ಸಾರ್, ವರದಿ ಬರೆಯೋಣ ಅಂತ ಕೆಳಗೆ ಕೂತೆ. ಆ ಅಜ್ಜಿ ಕೈಗೆ ಎಣ್ಣೆ ಹಚ್ತಾ, ‘ನಾವು ಕೇಳಿದ್ದು ಒಂದು ಮನೆ ಕಣಪ್ಪ. ನಾಲ್ಕು ಯಾರಿಗೆ ಬೇಕಿತ್ತು? ರಾತ್ರಿ ಮಂಡಿ ಹಿಡ್ಕೊಂಡ್ರೆ ಕೂಗಿದ್ದು ಆ ಹುಡುಗಿಗೆ ಎರಡು ಮಹಡಿ ಮೇಲೆ ಕೇಳುತ್ತಾ ಹೇಳು’ ಅಂದ್ರು. ನನಗೆ ಏನು ಬರೀಬೇಕೋ ತೋಚಲಿಲ್ಲ ಸಾರ್. ಕೈ ಬೇರೆ ಉರೀತಿತ್ತು.” ಕೈ ಉರಿಯುತ್ತಿದ್ದುದನ್ನು ಮಾತ್ರ ಸಮರ್ಪಕ ಕಾರಣವೆಂದು ಅಂಗೀಕರಿಸಲಾಗಿದೆ.

7. ಇನ್ನು ಮುಂದೆ ಇಂಥ ಪ್ರಕರಣಗಳು ಮರುಕಳಿಸದಂತೆ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಆದೇಶಿಸಿದೆ:
(ಅ) ಪಾತ್ರೆಗಳು ಲಿಫ್ಟಿನಲ್ಲಿ ಏಕಾಂಗಿಯಾಗಿಯಾಗಲಿ, ಜೊತೆಯವರೊಂದಿಗಾಗಲಿ ಸಂಚರಿಸತಕ್ಕದ್ದಲ್ಲ. ತುಂಬಿದ ಪಾತ್ರೆಯನ್ನು ಇಬ್ಬರು ವ್ಯಕ್ತಿಗಳೆಂದು ಲೆಕ್ಕ ಹಿಡಿಯತಕ್ಕದ್ದು.
(ಆ) ತಗ್ಗು ಬಿದ್ದ ಪಾತ್ರೆಗಳ ಮಾಲೀಕರು ತಗ್ಗಿನ ಭಾವಚಿತ್ರವನ್ನು, ಎದುರಿನಿಂದ ಒಂದು, ಪಕ್ಕದಿಂದ ಒಂದು, ಸಲ್ಲಿಸತಕ್ಕದ್ದು.
(ಇ) ಗೆಣಸು ತಾನು ಯಾವ ಮಹಡಿಯದೆಂದು ಸ್ಪಷ್ಟಪಡಿಸುವ ಹೊಣೆ ಬೇಯಿಸಿದವರದು.

8. ರದ್ದತಿಯ ಕಡತವು ಕೆಳಸಹಿದಾರರ ಮುಂದೆ ಬಂದಾಗ ತೊಡಕೊಂದು ಎದುರಾಯಿತು. ನಿಯಮದಂತೆ ಎಲ್ಲಿ ಬಿಸಿಯೋ ಅಲ್ಲಿ ವಾಸ. ನಾಲ್ಕೂ ಮನೆಗಳಲ್ಲಿ ಬಿಸಿಯಾಗಿದ್ದುದು ಪಾತ್ರೆ. ಆದ್ದರಿಂದ ವಾಸವಿದ್ದುದು ಪಾತ್ರೆಯೇ. ವಿಚಾರಣೆಯಲ್ಲಿ ಅದು ಅಜ್ಜಿಯ ತಾಯಿಯ ಕಾಲದ್ದೆಂದು ತಿಳಿದುಬಂದಿದ್ದು, ಹಿರಿಯ ನಾಗರಿಕರ ವರ್ಗಕ್ಕೆ ಅರ್ಹವಾಗಿದೆ. ಸಮುಚ್ಚಯಕ್ಕಿಂತ ಮೊದಲೇ ಈ ಜಾಗದಲ್ಲಿ ಉರಿಯ ಮೇಲೆ ಕೂತಿದ್ದರಿಂದ ಮೂಲನಿವಾಸಿ. ಈಚೆಗೆ ಬದಲಾಯಿಸಿದ ಅದರ ಹಿಡಿಗೆ ಇನ್ನೂ ಎರಡು ವರ್ಷ ತುಂಬಿಲ್ಲವಾದ್ದರಿಂದ ಆ ಮಟ್ಟಿಗೆ ಯುವಜನ. ನಾಲ್ಕು ಹೊಟ್ಟೆ ತುಂಬಿಸುವುದರಿಂದ ಅದನ್ನು ಕುಟುಂಬವಲ್ಲವೆನ್ನಲು ಕಾನೂನು ಶಾಖೆಗೆ ಧೈರ್ಯ ಸಾಲದು. ನಾಲ್ಕೂ ವರ್ಗಗಳಿಗೆ ಏಕಕಾಲದಲ್ಲಿ ಸೇರಿದ ಫಲಾನುಭವಿ ಯೋಜನೆಯ ಇತಿಹಾಸದಲ್ಲಿ ಇದೊಂದೇ.

ಆದೇಶ:

ಮೇಲ್ಕಂಡ ಕಾರಣಗಳಿಂದ ರದ್ದತಿ ನೋಟಿಸನ್ನು ಹಿಂಪಡೆದು, ಅಜ್ಜಿಯವರಿಗೆ ಕೊಟ್ಟಿದ್ದ ನೆಲಮಹಡಿಯ ಎರಡು ಕೋಣೆಯ ಮನೆಯನ್ನು ಸದರಿ ಪಾತ್ರೆಯ ಹೆಸರಿಗೆ ಕಾಯಂ ಆಗಿ ಮಂಜೂರು ಮಾಡಲಾಗಿದೆ. ಅದರಿಂದ ಉಣ್ಣುವ ನಾಲ್ವರನ್ನು ಅವಲಂಬಿತರೆಂದು ಪರಿಗಣಿಸತಕ್ಕದ್ದು. ಉಳಿದ ಮೂರು ಬೀಗದ ಕೈಗಳನ್ನು ಅಜ್ಜಿಯವರು ಈಗಾಗಲೇ ಪರಿವೀಕ್ಷಕರ ಜೇಬಿಗೆ ತುರುಕಿ ಕಳಿಸಿರುವುದರಿಂದ, ಅವನ್ನು ವಶಪಡಿಸಿಕೊಳ್ಳಲಾಗಿದೆ ಎಂದು ಓದಿಕೊಳ್ಳುವುದು.

ಸಹಿ/-
ಸಹಾಯಕ ನಿರ್ದೇಶಕರು (ಒಲೆ ಮತ್ತು ವಾಸ)

ಪ್ರತಿಗಳು:
1. ಪರಿವೀಕ್ಷಕರಿಗೆ: ಗುಣವಾಗುವವರೆಗೆ ಎಡ ಅಂಗೈಯನ್ನು ಪ್ರಭಾರದಲ್ಲಿರಿಸಿ ಆದೇಶಿಸಿದೆ.
2. ಲಿಫ್ಟ್ ನಿರ್ವಾಹಕರಿಗೆ: ಒಳಗಿರುವ ಟಪಾಲನ್ನು ಇಳಿಸುವ ಬಗ್ಗೆ.
3. ಕಾನೂನು ಶಾಖೆಗೆ: ಮಾಹಿತಿಗಾಗಿ. ಅಭಿಪ್ರಾಯ ಬೇಕಿಲ್ಲ.
4. ಕಾಯುವವರ ಪಟ್ಟಿಯ ಮೊದಲ ಮೂವರಿಗೆ: ಮೂರು ಮನೆ ಖಾಲಿ ಇವೆ. ಹನ್ನೊಂದು ವರ್ಷಗಳಿಂದ ‘ನಾಳೆ ಬನ್ನಿ’ ಎಂದು ತಿಳಿಸುತ್ತ ಬರಲಾಗಿದ್ದು, ಆ ನಾಳೆಯು ಇದೇ ಸೋಮವಾರ ಎಂದು ನಿಗದಿಯಾಗಿದೆ.
5. ಅಜ್ಜಿಯವರಿಗೆ: ಮೊಮ್ಮಗಳು ಓದಿ ಹೇಳುವುದು. ಪೂರ್ತಿ ಓದಬೇಕಾಗಿಲ್ಲ. ನಾಲ್ವರೂ ಒಟ್ಟಿಗೇ ಇರಬಹುದು.