ತಾಮ್ರ, ಗಾಳಿ ಮತ್ತು ನಮ್ಮ ಪ್ರಾಚಾರ್ಯರು

ರಸಾಯನಶಾಸ್ತ್ರ ವಿಭಾಗದ ಪಕ್ಕದ ಕೋಣೆಯಲ್ಲಿ ಕನ್ನಡ ಕಲಿಸುವವನಿಗೆ ಬೇಸರ ಎಂಬುದು ಇರುವುದಿಲ್ಲ. ನಡುವಿನ ಗೋಡೆಗೆ ಬಾಗಿಲೊಂದಿದ್ದರಂತೂ ಮುಗಿದೇ ಹೋಯಿತು. ಸವದತ್ತಿಯ ನಮ್ಮ ಕಾಲೇಜಿನಲ್ಲಿ ಬಾಗಿಲಿದೆ.

ಬಾಗಿಲಿನ ಆ ಕಡೆ ಇರುವವರು ಬೈಲಹೊಂಗಲದಿಂದ ದಿನಾ ಬಸ್ಸಿನಲ್ಲಿ ಬರುವ ಮೇಡಂ. ಪಿಎಚ್‌ಡಿ ಮಾಡುತ್ತಿದ್ದರು. ಬೆಂಝೈಲ್ ಆಲ್ಕೋಹಾಲ್ ಎಂಬ, ಯಾರೂ ಕುಡಿಯದ ದ್ರವವನ್ನು ಬಾದಾಮಿ ವಾಸನೆಯ ಇನ್ನೊಂದು ದ್ರವವಾಗಿ ಬದಲಿಸುವುದು ಅವರ ಕೆಲಸ. ಇದಕ್ಕೆ ಹಿಂದಿನವರು ವಿಷದಂಥ ಕ್ರೋಮಿಯಂ ಸುರಿಯುತ್ತಿದ್ದರು. ಮೇಡಂ ಚಿಟಿಕೆಯಷ್ಟು ತಾಮ್ರದ ವೇಗವರ್ಧಕ ಹಾಕಿ ಬರೀ ಗಾಳಿ ಬಿಡುತ್ತಿದ್ದರು.

"ಕ್ರೋಮಿಯಂ ತೊಳದ ನೀರು ಎಲ್ಲಿಗೆ ಹೋಗತೈತ್ರಿ ಸರ? ಕಡೀಕ ನಮ್ಮ ಹೊಳೀಗೇ ಅಲ್ಲೇನ್ರಿ?" ಎಂದು ಒಮ್ಮೆ ಕೇಳಿದರು. ಅಂದಿನಿಂದ ನಾನು ಅವರ ಪಕ್ಷ.

೧. ಗುರು

ಈ ಉಪಾಯವನ್ನು ಮೇಡಂ ಕಲಿತದ್ದು ಬೂಷ್ಟಿನಿಂದ. ಒಂದು ಜಾತಿಯ ಬೂಷ್ಟಿನ ಕಿಣ್ವ ಒಂದೇ ಒಂದು ತಾಮ್ರದ ಪರಮಾಣು ಇಟ್ಟುಕೊಂಡು, ಗಾಳಿಯ ನೆರವಿನಿಂದ ಇಂಥದೇ ಕೆಲಸ ಮಾಡುತ್ತದಂತೆ. ಊಟದ ಹೊತ್ತಿನಲ್ಲಿ ನಮಗಿದನ್ನು ವಿವರಿಸಿದರು. ಕ್ಯಾಂಟೀನಿನವನೂ ಕೇಳಿಸಿಕೊಂಡ.

ಮರುವಾರ ಚಪಾತಿಯ ಮೇಲೆ ಹಸಿರು ಚುಕ್ಕೆ ಕಂಡು ನಾನು ಕೂಗಾಡಿದೆ. ಅವನು ಶಾಂತವಾಗಿ ಹೇಳಿದ: "ಅದಕ್ಕ ಬೈಬ್ಯಾಡ್ರಿ ಸರ. ಮೇಡಮ್ಮಾರ ಅದರ ಕಡೆ ಕಲ್ಯಾಕ ಹತ್ಯಾರ."

೨. ಮೂಗು

ಬಾದಾಮಿ ವಾಸನೆ ಬಂತೆಂದರೆ ಪ್ರಯೋಗ ಫಲಿಸಿದ ಹಾಗೆ. ಆದರೆ ಹೋಲಿಕೆಗೆಂದು ತಂದಿಟ್ಟ ಶೀಶೆಯನ್ನು ಮೂಸಿ ಮೂಸಿ ಮೇಡಂ ಮೂಗಿಗೆ ಅದು ಹತ್ತುತ್ತಲೇ ಇರಲಿಲ್ಲ.

"ಖರೇ ಪರೀಕ್ಷೆ ಧಾರವಾಡದ ಯಂತ್ರದಾಗ ಆಗತೈತ್ರಿ. ಅಲ್ಲೀತನಕ ನಿಮ್ಮ ಮೂಗು ಕೊಡ್ರಿ ಸರ" ಎಂದರು. ಕನ್ನಡ ಎಂ.ಎ.ಗೆ ವಿಜ್ಞಾನದಲ್ಲಿ ಇಷ್ಟು ಬೇಡಿಕೆ ಹಿಂದೆಂದೂ ಇರಲಿಲ್ಲ.

ಮೊದಲ ಸಲ ವಾಸನೆ ಬಂದಾಗ "ಬಂತ್ರಿ!" ಎಂದು ಕೂಗಿದೆ. ಮೇಡಂ ಕಣ್ಣಲ್ಲಿ ನೀರು. ತಿರುಗಿ ನೋಡಿದರೆ ಸ್ಟಾಫ್ ರೂಮಿನವರೆಲ್ಲ ಬಾದಾಮಿ ಹಾಲಿಗೆಂದು ಲೋಟ ಹಿಡಿದು ಸಾಲಾಗಿ ನಿಂತಿದ್ದರು.

೩. ಗಾಳಿ

ಕಟಕೋಳದ ಕಡೆಯವರಾದ ನಮ್ಮ ಪ್ರಾಚಾರ್ಯರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. "ಗಾಳಿಯಿಂದ ಪಿಎಚ್‌ಡಿ ಸಿಗೂದಾದ್ರ, ಸ್ಟಾಫ್ ರೂಮಿನ ಮಂದಿಗೆಲ್ಲ ಎರಡೆರಡು ಸಿಗಬೇಕಿತ್ತು" ಎನ್ನುತ್ತಿದ್ದರು.

ಧಾರವಾಡದ ಗೈಡಿಗೂ ಅನುಮಾನ. "ಆಕ್ಸಿಜನ್ ಸಿಲಿಂಡರ್ ಇಲ್ಲದಂಗ, ನನ್ನ ಮುಂದ ಮಾಡಿ ತೋರಸ್ರಿ. ಆತಂದ್ರ ಥೀಸಿಸ್‌ಗೆ ಸಹಿ, ಇಲ್ಲಂದ್ರ ಇಲ್ಲ" ಎಂದು ಬಂದು ಕುಳಿತರು. ಮೀನಿನ ತೊಟ್ಟಿಯ ಪಂಪು ಫ್ಲಾಸ್ಕಿನೊಳಗೆ ಗುಳುಗುಳು ಗಾಳಿ ಬಿಡುತ್ತಿತ್ತು. ಪ್ರಾಚಾರ್ಯರು ಮೋಜು ನೋಡಲು ಬಾಗಿಲಲ್ಲಿ ನಿಂತರು. ಅರ್ಧಕ್ಕೆ ಕರೆಂಟು ಹೋಯಿತು. ಗುಳುಗುಳು ನಿಂತಿತು.

ಗೈಡ್ ಎದ್ದರು. "ಇಂಥಾ ಊರಾಗ ಇಷ್ಟೇ ಆಗೂದ್ರಿ."

ಪ್ರಾಚಾರ್ಯರು ಸರ್ರನೆ ಹೊರಟುಹೋದರು. ಮರಳಿ ಬಂದಾಗ ಕೈಯಲ್ಲಿ ವಾಲಿಬಾಲಿಗೆ ಗಾಳಿ ತುಂಬುವ ಪಂಪು. "ಕುಂದರ್ರಿ ಸಾಹೇಬರ. ಕರೆಂಟ್ ಹೋದ್ರ ಹೋಗ್ಲಿ, ಸವದತ್ಯಾಗ ಗಾಳಿಗೇನ ಬರ ಬಂದಿಲ್ಲ" ಎಂದು ತೋಳು ಮಡಚಿ ಶುರು ಮಾಡಿದರು. ಅಂಗಿ ತೊಯ್ದು ಬೆನ್ನಿಗೆ ಅಂಟಿತು. "ಬಂತೇನ್ರಿ?" ಎಂದು ನನ್ನ ಮೂಗನ್ನೇ ಗದರಿಸುತ್ತ ಪಂಪು ಒತ್ತಿದರು.

ಬಂತು. ಗೈಡಿನ ಮೂಗಿಗೂ ಬಂತು. ಯಂತ್ರಕ್ಕೆಂದು ಒಂದು ಶೀಶೆಯಲ್ಲಿ ತುಂಬಿಕೊಂಡರು, ನಿಜ. ಮುಖ ಮಾತ್ರ ಆಗಲೇ ಸಹಿ ಹಾಕಿಬಿಟ್ಟಿತ್ತು.

"ಕಡೀ ಪ್ರಶ್ನೆ. ವೇಗವರ್ಧಕದ ಲಕ್ಷಣ ಏನ್ರಿ?"

"ಕೆಲಸ ಲಗೂ ಮಾಡಸ್ತೈತ್ರಿ ಸರ. ತಾನು ಮಾತ್ರ ಕಡೀಕ ಮೊದಲ ಹೆಂಗಿತ್ತೋ ಹಂಗ ಉಳೀತೈತಿ."

ಗೈಡ್ ಏದುಸಿರು ಬಿಡುತ್ತಿದ್ದ ಪ್ರಾಚಾರ್ಯರತ್ತ ನೋಡಿದರು. "ಹಂಗಾದ್ರ ಇವತ್ತಿನ ವೇಗವರ್ಧಕ ಇವರೇನು?"

"ಅಲ್ರಿ ಸರ" ಎಂದರು ಮೇಡಂ. "ಇವರು ಬದಲಾಗ್ಯಾರ."