ಪ್ರಾಪರ್ಟಿ ಅಪ್ಪನ ಕಡೆ ಐತಿ

ವಡೋದರಾದ ಫತೇಗಂಜ್‌ನ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ನೆನಪಾದಾಗೆಲ್ಲ ಕಣ್ಣು ಒದ್ದೆಯಾಗುವುದು, ಆ ಘಟನೆಗಳಲ್ಲೆಲ್ಲ ಇದ್ದ ನಮ್ಮ ಸರ್ ಈಗಿಲ್ಲ ಎಂದು. ಧಾರವಾಡ ಕಡೆಯವರು, ನನಗೆ ಕೆಲಸ ಕಲಿಸಿದವರು.

೧

ಸೂರತ್ ಹತ್ತಿರ ಸಚಿನ್‌ನ ಬಣ್ಣದ ಕಾರ್ಖಾನೆಯೊಂದಕ್ಕೆ ಅಲ್ಲಿನ ಯಂತ್ರಗಳ ನಕ್ಷೆ ಬರೆದು ತಿದ್ದುವ ಎಡಿಟರ್ ಸಾಫ್ಟ್‌ವೇರ್ ಮಾಡಿದ್ದೆವು. ಪರದೆಯ ಮೇಲಿನ ಟ್ಯಾಂಕ್ ಚಿತ್ರ ಒತ್ತಿದರೆ ಅದರ ಅಳತೆ, ಒತ್ತಡ ಇತ್ಯಾದಿ ಪ್ರಾಪರ್ಟಿಗಳು, ಅಂದರೆ ಗುಣಗಳು, ಪಕ್ಕದಲ್ಲಿ ಮೂಡಬೇಕು. ಪ್ರತಿ ಪ್ರಾಪರ್ಟಿಯನ್ನೂ ಹೇಗೆ ತೋರಿಸಬೇಕೆಂದು ಹೇಳಲು ಒಂದು ಡಿಸ್ಕ್ರಿಪ್ಟರ್ ಇರುತ್ತದೆ. ಅದನ್ನು ಹುಡುಕಿ ತರುವ ಕೋಡ್ ನನ್ನದು. ನಾನು ಹೆಸರು ಹಿಡಿದು ಹುಡುಕಿದ್ದೆ. ಕಾರ್ಖಾನೆಯವರು ಹೆಸರುಗಳನ್ನೆಲ್ಲ ಗುಜರಾತಿಗೆ ಬದಲಿಸಿಕೊಂಡಿದ್ದರು. ಅಲ್ಲಿಗೇ ಹೋಗಿ ತೋರಿಸುವಾಗ ಟ್ಯಾಂಕ್ ಒತ್ತಿದರೆ ಪಕ್ಕದಲ್ಲಿ ಏನೂ ಇಲ್ಲ.

"ಹೆಸರು ಬದಲಾಗ್ತಾವೋ, ಪ್ರತಿಯೊಂದಕ್ಕೂ ಕೊಟ್ಟಿರೋ ನಂಬರ್ ಹಿಡಿದು ಹುಡುಕು," ಎಂದು ಸರ್ ಪಿಸುಗುಟ್ಟಿದರು.

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಅಂದರು: "ಇಷ್ಟು ದೊಡ್ಡ ಟ್ಯಾಂಕಿಗೆ ಒಂದು ಗುಣವೂ ಇಲ್ಲವಾ? ಥೇಟ್ ನನ್ನ ಅಳಿಯ!"

೨

ಮರುವರ್ಷ ಸರ್‌ಗೆ ಲಕ್ವ ಹೊಡೆಯಿತು. ಎಚ್ಚರವಾದಾಗ ಗುಜರಾತಿ, ಹಿಂದಿ ಎರಡೂ ಹೋಗಿದ್ದವು. ಉಳಿದದ್ದು ಕನ್ನಡ, ಜೊತೆಗೆ ಕೆಲಸದ ನಾಲ್ಕು ಇಂಗ್ಲಿಷ್ ಮಾತು. ಅವರ ಹೆಂಡತಿ, ನಮ್ಮ ಭಾಭಿ, ಗುಜರಾತಿಯವರು; ಇಪ್ಪತ್ತು ವರ್ಷ ಇಬ್ಬರೂ ಆಡಿದ್ದು ಗುಜರಾತಿಯೇ. ಮಗಳಿಗೂ ಕನ್ನಡ ಬಾರದು. ಹಾಗಾಗಿ ಆಸ್ಪತ್ರೆಯಲ್ಲಿ ನಾನೇ ದುಭಾಷಿ.

ಮೊದಲ ದಿನವೇ ಸರ್ ನನ್ನ ಕೈ ಹಿಡಿದರು. "ಪ್ರಾಪರ್ಟಿ ಸಿಕ್ತೇನು? ಅಲ್ಲಿ ಸಿಗಲಿಲ್ಲಂದ್ರ ಅಪ್ಪನ ಕಡೆ ನೋಡು."

ಟ್ಯಾಂಕ್, ಪಂಪ್ ಎಲ್ಲಕ್ಕೂ ಮೂಲವಾದ ಮಾದರಿಯನ್ನು ಕೋಡಿನಲ್ಲಿ ನಾವು 'ಅಪ್ಪ' ಎನ್ನುತ್ತಿದ್ದೆವು; ಅವುಗಳಲ್ಲಿ ಸಿಗದ ಪ್ರಾಪರ್ಟಿ ಅಲ್ಲಿರುತ್ತಿತ್ತು. ಸರ್ ಇನ್ನೂ ಆ ಕೋಡಿನಲ್ಲೇ ಇದ್ದರು. ಆದರೆ ಮೂಲೆಯಲ್ಲಿದ್ದ ಭಾಭಿಯ ತಮ್ಮ 'ಪ್ರಾಪರ್ಟಿ' ಅಂದದ್ದೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಎಲ್ಲಿದೆಯಂತೆ?"

"ಅಪ್ಪನ ಹತ್ತಿರ," ಎಂದುಬಿಟ್ಟೆ.

ಭಾಭಿ ಕಣ್ಣೊರೆಸಿಕೊಂಡರು. "ಮಾವನವರು ಬಿಟ್ಟುಹೋದದ್ದು ಒಂದು ಛತ್ರಿ. ಬೇಕಾದರೆ ತಗೋ ತಮ್ಮ."

೩

ಸರ್ ಮನೆಗೆ ಬಂದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಂಡನ ಜೊತೆ ಒಂದು ಮಾತಾದರೂ ಆಡಬೇಕೆಂದು ಭಾಭಿ ನನ್ನಿಂದ ಒಂದು ವಾಕ್ಯ ಬರೆಸಿಕೊಂಡು ಬಾಯಿಪಾಠ ಮಾಡಿದರು: "ಊಟಾ ಆತೇನ್ರಿ?"

ವಾರ ಬಿಟ್ಟು ಹೋದೆ. ಸರ್ ತೀರ ಸೊರಗಿದ್ದರು. ಭಾಭಿ ಹೆಮ್ಮೆಯಿಂದ ನನ್ನೆದುರೇ ಕೇಳಿದರು: "ಊಟಾ ಆತೇನ್ರಿ?"

"ಆತು," ಎಂದರು ಸರ್.

ಭಾಭಿಗೆ ಪ್ರಶ್ನೆ ಬರುತ್ತಿತ್ತು, ಉತ್ತರ ತಿಳಿಯುತ್ತಿರಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಖಿಚಡಿ ತಂದರು.

ಸರ್ ನನ್ನತ್ತ ತಿರುಗಿ, ನೆಟ್ಟಗಿದ್ದ ಅರ್ಧ ಬಾಯಲ್ಲೇ ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು.

"ಆಕಿಗೆ ಇನ್ನೊಂದು ಮಾತು ಕಲಿಸೋ ಮಾರಾಯಾ. ಇದು ಇವತ್ತಿನ ಆರನೇ ಊಟ!"